ಎತ್ತಿಗೆ ಇರೋ ಹೊತ್ತು ಸಾಲಿ ಹುಡುಗರಿಗೂ ಇರಲಿ



ಮೊದಲು ಹೊಲದ ಸುದ್ದಿ. ರೋಹಿಣಿ ಮಳೆ ಕೂಡಿ ಇವತ್ತಿಗೆ ಹತ್ತು ದಿನ ಆಯಿತು. ನಮ್ಮ ಕಡೆ ಗುಡುಗು ಬಂತು, ಗಾಳಿ ಬಂತು, ಒಂದು ಸಂಜೆ ಧೂಳೆದ್ದು ಎರಡು ಮನೆಯ ತಗಡು ಹಾರಿದವು. ಹನಿ ಮಾತ್ರ ಬೀಳಲಿಲ್ಲ. ಎರಿ ಹೊಲದ ಬಿರುಕಿನಾಗ ಇವತ್ತಿಗೂ ನನ್ನ ಅಂಗೈ ಪೂರ್ತಿ ಇಳಿಯುತ್ತದೆ. ಕುಂಟಿ ಹೊಡೆದದ್ದು ಆಗೇತಿ, ತಿಪ್ಪಿ ಗೊಬ್ಬರ ಚೆಲ್ಲಿದ್ದು ಆಗೇತಿ. ಹೆಸರು, ತೊಗರಿ ಬೀಜ ಚೀಲದಾಗ ಕುಂತಾವ. ಬೀಜೋಪಚಾರಕ್ಕೆ ತಂದ ರೈಜೋಬಿಯಂ, ಟ್ರೈಕೋಡರ್ಮಾ ಪುಡಿ ನೀರಿನ ಹರಿವಿ ಪಕ್ಕ ನೆರಳಿನಾಗ ಇಟ್ಟೀನಿ. ನೀವೂ ಹಾಗೇ ಇಡ್ರಿ. ಅದರೊಳಗಿರೋದು ಜೀವ. ಟ್ರ್ಯಾಕ್ಟರ್ ಟ್ರಾಲಿಯೊಳಗೋ ತಗಡಿನ ಶೆಡ್ಡಿನೊಳಗೋ ಬಿಟ್ಟರೆ ಸತ್ತ ಪುಡಿ ಬೀಜಕ್ಕೆ ಬಳಿದಂಗ ಆಗ್ತೈತಿ.

ಇವತ್ತಿನ ಟಿಪ್ಪಣಿ ಬಿತ್ತಿಗೆ ಬಗ್ಗೆ ಅಲ್ಲ, ಸಾಲಿ ಬಗ್ಗೆ. ಹೊಲದ ಪುಟದಾಗ ಸಾಲಿ ಮಾತು ಯಾಕ ಅಂತ ಕೇಳಬೇಡ್ರಿ. ಜೂನ್ ತಿಂಗಳಾಗ ನಮ್ಮ ಮನೆಗಳಲ್ಲಿ ಹೊಲ ಮತ್ತು ಸಾಲಿ ಎರಡೂ ಒಂದೇ ಬಾಗಿಲಿಗೆ ಬಂದು ನಿಲ್ಲುತ್ತವೆ. ಯಾವುದಕ್ಕೆ ಮೊದಲು ಬಾಗಿಲು ತೆಗೆಯಬೇಕು ಅನ್ನೋದು ಪ್ರತಿ ವರ್ಷದ ತಕರಾರು.

ನಿಮಗೆಲ್ಲ ಗೊತ್ತಿದ್ದಂಗ ನಮ್ಮ ರಾಜ್ಯದಾಗ ಬೇಸಿಗೆ ರಜೆ ಏಪ್ರಿಲ್ ಹತ್ತರ ಆಸುಪಾಸು ಶುರುವಾಗಿ ಮೇ ಕೊನೆಯ ವಾರಕ್ಕೆ ಮುಗಿಯುತ್ತದೆ. 2024ರಲ್ಲೂ 2025ರಲ್ಲೂ ಸಾಲಿ ತೆರೆದದ್ದು ಮೇ 29ಕ್ಕೆ. ಬಾಗಿಲಿಗೆ ಮಾವಿನ ತೋರಣ ಕಟ್ಟಿ, ಹುಡುಗರಿಗೆ ಹೂ ಕೊಟ್ಟು, ಸಿಹಿ ಊಟ ಮಾಡಿಸಿ ಒಳಗೆ ಕರಕೊಳ್ತಾರೆ. ನೋಡಲಿಕ್ಕೆ ಚಂದ. ಆದರೆ ಆ ತೋರಣ ನಮ್ಮ ರಾಯಚೂರು ಸೀಮೆಯೊಳಗೆ ಮಧ್ಯಾಹ್ನ ಹನ್ನೆರಡಕ್ಕೆಲ್ಲ ಮುಟ್ಟಿದರೆ ಪುಡಿಯಾಗುವಂಗ ಒಣಗಿರುತ್ತದೆ. ಹುಡುಗರಿಗೆ ರಜೆ ಮುಗಿದಿರುತ್ತದೆ, ಬ್ಯಾಸಿಗಿ ಮುಗಿದಿರೋದಿಲ್ಲ.

ಬೆಂಗಳೂರು, ಮೈಸೂರು ಕಡೆ ಮೇ ತಿಂಗಳಾಗಲೇ ಎರಡು ಮೂರು ದೊಡ್ಡ ಮಳೆ ಬಿದ್ದು ನೆಲ ತಂಪಾಗಿರುತ್ತದೆ. ಅಲ್ಲಿ ಸುಡುವ ತಿಂಗಳು ಏಪ್ರಿಲ್. ಮಲೆನಾಡಿನ ಹುಡುಗರು ಸಾಲಿ ತೆರೆದು ವಾರ ಎರಡು ವಾರಕ್ಕೆ ಕೊಡೆ ಹಿಡಿದು ಹೋಗ್ತಾರೆ. ಕೃಷ್ಣಾ-ತುಂಗಭದ್ರಾ ನಡುವಿನ ನಮ್ಮ ದೋಆಬಿನೊಳಗೆ, ಹಂಗೇ ಕಲಬುರಗಿ, ಯಾದಗಿರಿ, ಬಳ್ಳಾರಿ ಕಡೆ, ಸುಡೋದು ಮೇ. ನಮ್ಮ ದೊಡ್ಡ ಮಳೆ ಇನ್ನೂ ದೂರ, ಸೆಪ್ಟೆಂಬರ್ ತಿಂಗಳದ್ದು. ಜೂನ್ ಮೊದಲ ವಾರ ಅಂದರೆ ನಮಗೆ ಮಳೆಗಾಲ ಅಲ್ಲ, ಮಳೆ ಕಾಯೋ ಕಾಲ. ಸಾಲಿ ತೆರೆಯೋ ದಿನ ಮಾತ್ರ ಮಡಿಕೇರಿಗೂ ಲಿಂಗಸುಗೂರಿಗೂ ಒಂದೇ.

ಮಳೆ ಒಂದೇ ತಾರೀಖಿಗೆ ಬರೋದಿಲ್ಲ. ಮುಂಗಾರು ಕೇರಳಕ್ಕೆ ಮುಟ್ಟೋ ವಾಡಿಕೆಯ ದಿನ ಜೂನ್ 1. 2023ರಲ್ಲಿ ಅದು ಮುಟ್ಟಿದ್ದು ಜೂನ್ 8ಕ್ಕೆ. 2025ರಲ್ಲಿ ಮೇ 24ಕ್ಕೆ. ಎರಡು ವರ್ಷದ ನಡುವೆ ಹದಿನೈದು ದಿನದ ಅಂತರ. 2023ರ ಜೂನ್ ನೆನಪೈತಲ್ಲ? ತಿಂಗಳಿಡೀ ಮುಗಿಲು ನೋಡಿ ಕುಂತಿದ್ದೆವು. 2025ರಲ್ಲಿ ಸಾಲಿ ತೆರೆಯೋ ಮೊದಲೇ ಹೊಲ ಹಸಿಯಾಗಿತ್ತು. ನಾವು ಯಾರೂ ತಾರೀಖು ನೋಡಿ ಬಿತ್ತೋದಿಲ್ಲ. ಹಸಿ ಎಷ್ಟು ಇಳಿದೈತಿ ಅಂತ ಮಣ್ಣು ಕೆದರಿ, ಮುಷ್ಟಿ ಹಿಡಿದು ನೋಡಿ ಕೂರಿಗಿ ಹೂಡ್ತೀವಿ. ಸಾಲಿ ಮಾತ್ರ ಗೋಡೆಯ ಕ್ಯಾಲೆಂಡರ್ ನೋಡಿ ನಡೀತೈತಿ.

ಇನ್ನೊಂದು ಮಾತು. ಟಿವಿಯೊಳಗೆ "ಬಿಸಿಗಾಳಿ" ಅಂತ ಹೇಳಲಿಲ್ಲ ಅಂದರೆ ಬಿಸಿಲು ಕಮ್ಮಿ ಐತಿ ಅಂತ ತಿಳಿಯಬೇಡ್ರಿ. ಹವಾಮಾನ ಇಲಾಖೆ ಬಯಲು ಸೀಮೆಗೆ ಬಿಸಿಗಾಳಿ ಅನ್ನಬೇಕಾದರೆ ಉಷ್ಣಾಂಶ ಕನಿಷ್ಠ 40 ಡಿಗ್ರಿ ಆಗಬೇಕು, ಅದರ ಜೊತೆ ವಾಡಿಕೆಗಿಂತ 4.5 ಡಿಗ್ರಿ ಹೆಚ್ಚಿರಬೇಕು. ಇಲ್ಲಾ ನೇರ 45 ಮುಟ್ಟಬೇಕು. ನಮ್ಮಲ್ಲಿ ಮೇ ತಿಂಗಳ ವಾಡಿಕೆಯೇ 40ರ ಆಸುಪಾಸು. ಹಿಂಗಾಗಿ 42 ಆದರೂ ಅದಕ್ಕೆ ಹೆಸರಿಲ್ಲ. ಮೇಲಾಗಿ ಆ ಅಂಕಿ ಅಳೆಯೋದು ಗಾಳಿಯಾಡುವ ಪೆಟ್ಟಿಗೆಯೊಳಗೆ, ನೆರಳಿನಾಗ. ನಮ್ಮ ಹುಡುಗರು ನಡೆಯೋದು ಡಾಂಬರು ರಸ್ತೆ ಮ್ಯಾಲೆ.

ಈಗ ನಮ್ಮ ಮನೆಯ ಮಾತಿಗೆ ಬರ್ತೀನಿ.

ನಮ್ಮೂರ ಸಾಲಿ ಏಳನೇ ತರಗತಿವರೆಗೆ. ಎಂಟಕ್ಕೆ ನಾಲ್ಕು ಕಿಲೋಮೀಟರ್ ಆಚೆ ದೊಡ್ಡ ಊರಿಗೆ ಹೋಗಬೇಕು. ನಮ್ಮ ಹುಡುಗಿ ಈ ವರ್ಷ ಎಂಟನೇ ತರಗತಿ. ಮುಂಜಾನೆ ಬಸ್ಸು ಸಿಗುತ್ತದೆ. ಸಾಲಿ ಬಿಡೋದು ನಾಲ್ಕೂ ಇಪ್ಪತ್ತಕ್ಕೆ, ಈ ಕಡೆ ಬಸ್ಸು ಬರೋದು ಐದೂವರೆಗೆ. ಬಸ್ ಸ್ಟ್ಯಾಂಡಿನಾಗ ನೆರಳಿಲ್ಲ. ಹಿಂಗಾಗಿ ಹುಡುಗಿಯರು ನಾಲ್ಕೈದು ಜನ ಕೂಡಿ ನಡಕೊಂಡೇ ಬರ್ತಾರೆ.

ಸಾಲಿ ಶುರುವಾದ ಮೂರನೇ ದಿನ ಸಂಜೆ ಆಕಿ ಮನೆಗೆ ಬಂದಾಗ ಮುಖ ಕಾದ ಹಂಚಿನಂಗ ಆಗಿತ್ತು. ತಲೆನೋವು ಅಂದಳು, ಪಾಟಿಚೀಲ ಇಳಿಸಿ ಕಟ್ಟೆ ಮ್ಯಾಲೆ ಕುಂತಳು, ಕುಂತಲ್ಲೇ ವಾಂತಿ ಮಾಡಿಕೊಂಡಳು. ನೆರಳಿಗೆ ಎತ್ತಿಕೊಂಡು ಹೋಗಿ, ಒದ್ದೆ ಬಟ್ಟೆಯಿಂದ ಕುತ್ತಿಗೆ, ಕಂಕುಳ ಒರೆಸಿ, ಬೀಸಣಿಕೆ ಬೀಸಿ, ಸಕ್ಕರೆ ಉಪ್ಪಿನ ನೀರು ಸ್ವಲ್ಪ ಸ್ವಲ್ಪವೇ ಕುಡಿಸಿದೆವು. ತಾಸಿನೊಳಗೆ ಚೇತರಿಸಿಕೊಂಡಳು. ದೊಡ್ಡ ಗಂಡಾಂತರ ಏನೂ ಆಗಲಿಲ್ಲ. ರಾತ್ರಿ ಅವರವ್ವನ ಹತ್ತಿರ ಹೇಳಿಕೊಂಡಳಂತೆ: ತಂದ ಬಾಟ್ಲಿ ನೀರು ಹನ್ನೊಂದಕ್ಕೇ ಖಾಲಿ, ಟ್ಯಾಂಕಿನ ನೀರು ಕುದಿಯೋ ನೀರಿನಂಗ ಬರ್ತದ. "ಬಾಳ ನೀರು ಕುಡದ್ರ ಹೊರಗ ಹೋಗಬೇಕಾಗ್ತೈತಿ. ಪಾಯಿಖಾನಿಯಾಗ ನೀರೇ ಇರಂಗಿಲ್ಲ. ಅದಕ್ಕ ನಾವ್ಯಾರೂ ಕುಡಿಯಂಗಿಲ್ಲವ್ವಾ."

ಗಂಡಸರಿಗೆ ಈ ಮಾತು ಹೊಳೆಯೋದಿಲ್ಲ ನೋಡ್ರಿ. ನಾವು ಬಿಸಿಲು ಅಂದರೆ ಮುಗಿಲು ನೋಡ್ತೀವಿ. ಆ ಹುಡುಗಿಯರಿಗೆ ಬಿಸಿಲು ಬಡಿದದ್ದು ಅರ್ಧ ಮುಗಿಲಿನಿಂದ, ಇನ್ನರ್ಧ ಪಾಯಿಖಾನೆಗೆ ನೀರಿಲ್ಲದ್ದರಿಂದ.

ಮರುದಿನ ನಮ್ಮವ್ವ ತೀರ್ಪು ಕೊಟ್ಟುಬಿಟ್ಟಳು. "ಮಳಿ ಬರೂತನಕ ಮನಿಯಾಗ ಇರ್ಲಿ ಬಿಡಪ್ಪಾ. ನಾಕ ದಿನ ಸಾಲಿ ತಪ್ಪಿದ್ರ ಏನ್ ಮುಳಗತೈತಿ? ಹತ್ತಿ ಕಟ್ಟಿಗಿ ಆರ್ಸೋದು ಐತಿ, ಆಡು ನೋಡ್ಕೊಂತ ನೆರಳಾಗ ಕುಂತಿರ್ತಾಳ." ಮೊಮ್ಮಗಳ ಮ್ಯಾಲಿನ ಕರುಳಿನಿಂದ ಆಡಿದ ಮಾತದು, ಅದರಾಗ ಏನೂ ಕೆಟ್ಟದ್ದಿಲ್ಲ. ಆದರೆ "ಮಳಿ ಬರೂತನಕ" ಅನ್ನೋ ಎರಡು ಶಬ್ದ ಕೇಳಿ ನಾನು ಅಲ್ಲೇ ನಿಂತೆ. ಆ ಎರಡು ಶಬ್ದ ನಮ್ಮ ಮನೆಯೊಳಗೆ ಮೊದಲೂ ಒಮ್ಮೆ ಆಡಿದ್ದವು.

ನಮ್ಮ ಅಕ್ಕ ಐದನೇ ತರಗತಿಗೆ ಹೋಗಬೇಕಾಗಿದ್ದ ವರ್ಷ. ಆವಾಗಲೂ ಹಿಂಗೇ ಬಿಸಿಲು. ಮಳೆ ಬರೂತನಕ ಇರಲಿ ಅಂದರು. ಮಳೆ ಬಂತು, ಬಿತ್ತಿಗೆ ಮುಗಿಯೂತನಕ ಇರಲಿ ಅಂದರು. ಬಿತ್ತಿಗೆ ಮುಗೀತು, ಸಣ್ಣ ತಂಗಿ ಹುಟ್ಟಿದ್ದಳು, ಕೂಸು ನೋಡಿಕೊಳ್ಳೋರು ಬೇಕಿತ್ತು. ಆಮೇಲೆ ಕಸ ತೆಗೆಯೋದು, ಆಮೇಲೆ ಹತ್ತಿ ಬಿಡಿಸೋದು. ಯಾರೂ ಒಂದು ದಿನವೂ "ನೀನು ಸಾಲಿ ಬಿಡು" ಅಂತ ಆಕಿಗೆ ಹೇಳಲಿಲ್ಲ. ಸಂಕ್ರಾಂತಿ ಹೊತ್ತಿಗೆ ಆಕಿ ಸಾಲಿ ಬಿಟ್ಟಾಗಿತ್ತು ಅಷ್ಟೇ. ಅಕ್ಕ ಈಗ ತನ್ನ ಗಂಡನ ಮನೆಯಾಗ ಎಂಟು ಎಕರೆ ಒಕ್ಕಲುತನ ನಡೆಸ್ತಾಳೆ, ನನಗಿಂತ ಚೆನ್ನಾಗಿ ನಡೆಸ್ತಾಳೆ. ಔಷಧಿ ಬಾಟ್ಲಿ ಮ್ಯಾಲೆ ಬರೆದ ಪ್ರಮಾಣ ಓದಲಿಕ್ಕೆ ಮಾತ್ರ ಬರೋದಿಲ್ಲ. ಬಾಟ್ಲಿ ಮ್ಯಾಲಿನ ತ್ರಿಕೋನದ ಬಣ್ಣ ನೋಡಿ ವಿಷ ಎಷ್ಟು ಅಂತ ಗುರುತು ಹಿಡೀತಾಳೆ: ಕೆಂಪು ಅಂದರೆ ಎಲ್ಲಕ್ಕಿಂತ ಘಾತಕ, ಆಮೇಲೆ ಹಳದಿ, ನೀಲಿ, ಹಸಿರು. ಎಷ್ಟು ಲೀಟರಿಗೆ ಎಷ್ಟು ಮಿಲಿ ಅನ್ನೋದನ್ನ ತ್ರಿಕೋನ ಹೇಳೋದಿಲ್ಲ. ಅದಕ್ಕೆ ನನಗೆ ಫೋಟೋ ಕಳಿಸ್ತಾಳೆ. ನಾನು ಫೋನು ಎತ್ತದ ದಿನ ಅಂಗಡಿಯವನು ಹೇಳಿದ್ದೇ ಲೆಕ್ಕ.

ಅದಕ್ಕೇ ಹೇಳೋದು. ಸಾಲಿ ತೆರೆಯೋದನ್ನೇ ಜೂನ್ ಹದಿನೈದಕ್ಕೆ ಹಾಕಿರಿ ಅನ್ನೋ ಕೂಗು ಪ್ರತಿ ವರ್ಷ ಏಳುತ್ತದೆ. ನಾನು ಅದಕ್ಕೆ ಕೈ ಎತ್ತೋದಿಲ್ಲ. ನಮ್ಮ ಸೀಮೆಯಾಗ ಹುಡುಗರು ಸಾಲಿಯಿಂದ ಜಾರೋದು ಪರೀಕ್ಷೆಯಾಗ ನಪಾಸಾಗಿ ಅಲ್ಲ, ಬಿತ್ತಿಗೆ ಹೊತ್ತಿನಾಗ. ಸಾಲಿ ಮುಚ್ಚಿದ್ದು, ಹೊಲದಾಗ ಕೆಲಸ ಇದ್ದದ್ದು, ಮನೆಯಾಗ ಕೈ ಕಮ್ಮಿ ಇದ್ದದ್ದು: ಈ ಮೂರೂ ಒಂದೇ ವಾರ ಕೂಡಿದರೆ ಆ ಹುಡುಗ ಅಥವಾ ಹುಡುಗಿ ಹೋದಂಗೇ. ಮಳೆ ಬಂದ ದಿನ ಸಾಲಿ ತೆರೆದರೆ, ಮಳೆ ಬಂದ ದಿನವೇ ನಾವು ಹುಡುಗರನ್ನ ಹೊಲಕ್ಕೆ ಕರೀತೀವಿ. ಮಳೆಗಿಂತ ಮೊದಲು ಹುಡುಗರು ಸಾಲಿಯೊಳಗೆ ಕುಂತಿದ್ದರೆ ಎಬ್ಬಿಸಿ ತರೋದು ಅಷ್ಟು ಸಸಾರ ಅಲ್ಲ.

ನಮ್ಮ ಎದುರು ಮನೆಯವರು ದುಡಿಯಲಿಕ್ಕೆ ಬೆಂಗಳೂರಿಗೆ ಗುಳೆ ಹೋಗಿದ್ದರು. ಬಿತ್ತಿಗೆ ಬಂತು ಅಂತ ಮೇ ಕೊನೆಗೆ ಇಬ್ಬರು ಗಂಡು ಹುಡುಗರನ್ನ ಕರಕೊಂಡು ಬಂದರು. ಬಂದ ಎರಡನೇ ದಿನವೇ ಆ ಹುಡುಗರು ಸಾಲಿಯೊಳಗೆ. ಯಾಕೆ ಅಂತೀರಿ? ಮಧ್ಯಾಹ್ನದ ಊಟ. ಮನೆಯಾಗ ಇನ್ನೂ ಒಲೆ ಹಚ್ಚಿ ಸಂಸಾರ ಹೂಡೋದು ನಡೆದಿತ್ತು. ಸಾಲಿ ಮುಚ್ಚಿದ್ದರೆ ಆ ಇಬ್ಬರೂ ಮರುದಿನವೇ ಯಾರದೋ ಹೊಲದಾಗ ಕಟ್ಟಿಗೆ ಆರಿಸಲಿಕ್ಕೆ ಹೋಗ್ತಿದ್ದರು. ಅಕ್ಷರ ದಾಸೋಹ 2002ರಲ್ಲಿ ರಾಜ್ಯದೊಳಗೆ ಮೊದಲು ಶುರುವಾದದ್ದೇ ನಮ್ಮ ಈ ಉತ್ತರದ ಜಿಲ್ಲೆಗಳಲ್ಲಿ ಅನ್ನೋದನ್ನ ಮರೀಬಾರದು. 2023-24ರ ಬರದಾಗ 223 ತಾಲೂಕು ಬರಪೀಡಿತ ಅಂತ ಘೋಷಣೆಯಾದವು. ಮುಂದಿನ ಬೇಸಿಗೆ ರಜೆಯಾಗಲೂ ಆ ತಾಲೂಕಿನ ಹುಡುಗರಿಗೆ ಬಿಸಿಯೂಟ ಕೊಟ್ಟರು. ರಜೆ ಉದ್ದ ಆದಷ್ಟೂ ಕೆಲವು ಮನೆಯ ಹುಡುಗರಿಗೆ ಹಸಿವು ಉದ್ದ ಆಗ್ತೈತಿ ಅಂತ ಗೊತ್ತಿದ್ದೇ ಹಂಗ ಮಾಡಿದ್ದು.

ಹಂಗಾದರೆ ದಾರಿ ಏನು? ಸಾಲಿ ತೆರೆಯೋ ತಾರೀಖು ಇದ್ದಂಗ ಇರಲಿ. ಗಂಟೆ ಬದಲಾಗಲಿ.

ಯೋಚನೆ ಮಾಡ್ರಿ, ಈ ಹೊತ್ತಿನಾಗ ನಾವು ಯಾವ ಕೆಲಸ ಮಧ್ಯಾಹ್ನ ಮಾಡ್ತೀವಿ? ಎತ್ತು ಹೂಡೋದು ಚುಮುಚುಮು ಬೆಳಕಿಗೆ. ಹತ್ತು ಹತ್ತೂವರೆಗೆಲ್ಲ ನೊಗ ಇಳಿಸಿ, ನೀರು ಕುಡಿಸಿ, ಬೇವಿನ ನೆರಳಿಗೆ ಕಟ್ತೀವಿ. ಮತ್ತೆ ಹೂಡೋದು ನಾಲ್ಕರ ಮ್ಯಾಲೆ. ಮಧ್ಯಾಹ್ನ ಒಂದಕ್ಕೆ ಎತ್ತು ಹೂಡಿದವನನ್ನ ಊರು ಏನಂತ ಬಯ್ಯತೈತಿ ಅಂತ ಬರೆಯೋದು ಬೇಡ. ಉದ್ಯೋಗ ಖಾತರಿ ಕೆಲಸಕ್ಕೆ ಹೋಗೋರು ಬೆಳಗಿನ ಜಾವವೇ ಸಲಿಕೆ ಹಿಡೀತಾರೆ, ಬೇಸಿಗೆಯೊಳಗೆ ಅವರಿಗೆ ಅಳತೆಯಲ್ಲೂ ರಿಯಾಯಿತಿ ಐತಿ. ಸರ್ಕಾರಿ ಕಚೇರಿ ತಗೊಳ್ರಿ. ಕಲಬುರಗಿ ವಿಭಾಗದ ಜಿಲ್ಲೆಗಳಿಗೆ, ಅದರ ಜೊತೆ ವಿಜಯಪುರ, ಬಾಗಲಕೋಟೆಗೆ ಏಪ್ರಿಲ್, ಮೇ ಎರಡು ತಿಂಗಳು ಕಚೇರಿ ಹೊತ್ತು ಮುಂಜಾನೆ 8ರಿಂದ ಮಧ್ಯಾಹ್ನ 1.30. ಪಹಣಿ ತರಲಿಕ್ಕೆ ಎರಡಕ್ಕೆ ಹೋಗಿ ಬೀಗ ನೋಡಿ ಬಂದವರು ನಮ್ಮಲ್ಲಿ ಎಷ್ಟು ಮಂದಿ! ನನಗೆ ಅದರ ಬಗ್ಗೆ ತಕರಾರಿಲ್ಲ, ಆ ಕಚೇರಿಯಾಗ ಕುಂತೋರೂ ಮನುಷ್ಯರೇ. ಆದರೆ ಲೆಕ್ಕ ನೋಡ್ರಿ. ದೊಡ್ಡವರಿಗೆ ಬಿಸಿಲು ಐತಿ ಅಂತ ಹೊತ್ತು ಬದಲಾಗಿರೋ ಮೇ ತಿಂಗಳು ಮುಗಿಯೋ ಮೊದಲೇ ಹುಡುಗರಿಗೆ ಹತ್ತರಿಂದ ನಾಲ್ಕೂ ಇಪ್ಪತ್ತರ ಸಾಲಿ ಶುರುವಾಗಿರುತ್ತದೆ. ಮೇ 30ಕ್ಕೆ ತಹಶೀಲ್ದಾರ ಕಚೇರಿಗೆ ಬಿಸಿಲು ಐತಿ, ಅದೇ ದಿನ ಎರಡನೇ ತರಗತಿ ಹುಡುಗನಿಗೆ ಬಿಸಿಲು ಇಲ್ಲ.

"ಅಯ್ಯ, ಇದೇ ಹುಡುಗರು ರಜೆಯಾಗ ಸುಡೋ ಬಿಸಿಲಾಗ ಕ್ರಿಕೆಟ್ ಆಡ್ತಿದ್ದರಲ್ಲ" ಅಂತ ಕಟ್ಟೆ ಮ್ಯಾಲೆ ಒಬ್ಬ ಹಿರಿಯರು ಅಂದರು. ಹೌದು, ಆಡ್ತಿದ್ದರು. ಆಡೋ ಹುಡುಗ ತನಗೆ ಸಾಕಾದಾಗ ಹುಣಸೆಮರದ ಬುಡಕ್ಕೆ ಓಡ್ತಾನೆ, ಬಾವಿಗೆ ಜಿಗೀತಾನೆ, ಯಾರ ಮನೆಯ ಹರಿವಿ ಆದರೂ ಬಗ್ಗಿಸಿ ಕುಡೀತಾನೆ. ತಗಡಿನ ಕೋಣೆಯಾಗ ನಲವತ್ತು ಹುಡುಗರ ನಡುವೆ ಕುಂತವನು ನೀರಿಗೂ ಕೈ ಎತ್ತಿ ಕೇಳಬೇಕು. ಬಿಟ್ಟ ಕರುವಿಗೂ ಕಟ್ಟಿದ ಕರುವಿಗೂ ಇರೋ ಅಂತರ ಅದು. ಬಿಟ್ಟ ಕರು ತಾನೇ ನೆರಳು ಹುಡುಕುತ್ತದೆ. ಕಟ್ಟಿದ ಕರುವಿನ ನೆರಳಿನ ಜವಾಬ್ದಾರಿ ಕಟ್ಟಿದವನದು.

ಪಾಠದ ತಾಸು ಕಮ್ಮಿ ಆಗ್ತಾವ ಅನ್ನೋ ಮಾತಿಗೂ ಲೆಕ್ಕ ಐತಿ. ಶಿಕ್ಷಣ ಹಕ್ಕು ಕಾಯಿದೆ ಪ್ರಕಾರ ಒಂದರಿಂದ ಐದನೇ ತರಗತಿಗೆ ವರ್ಷಕ್ಕೆ 200 ದಿನ, 800 ತಾಸು ಪಾಠ. ಆರರಿಂದ ಎಂಟಕ್ಕೆ 220 ದಿನ, 1000 ತಾಸು. ಭಾಗಿಸಿ ನೋಡ್ರಿ. ಸಣ್ಣವರಿಗೆ ದಿನಕ್ಕೆ ನಾಲ್ಕು ತಾಸು, ದೊಡ್ಡವರಿಗೆ ನಾಲ್ಕೂವರೆ ತಾಸಿನ ಆಸುಪಾಸು. ಮುಂಜಾನೆ ಏಳೂವರೆಗೆ ಗಂಟೆ ಹೊಡೆದರೆ ಹನ್ನೊಂದೂವರೆಗೆ ನಾಲ್ಕು ತಾಸು ಆಗ್ತೈತಿ. ಹದಿನೈದು ದಿನ ಹಂಗ ನಡೆಸಿ, ಆಮೇಲೆ ಮಾಮೂಲಿ ಗಂಟೆಗೆ ಬಂದರೆ ಆಡಿಕೊಳ್ಳುವಷ್ಟು ನಷ್ಟ ಏನೂ ಇಲ್ಲ. ಇದು ಹೊಸ ಪದ್ಧತಿಯೂ ಅಲ್ಲ. ಪ್ರತಿ ಶನಿವಾರ ಮುಂಜಾನೆ ಸಾಲಿ ನಡೀತೈತಲ್ಲ? ಅಡುಗೆಯವರು ಬರ್ತಾರೆ, ಮಾಸ್ತರು ಬರ್ತಾರೆ, ಹುಡುಗರೂ ಬರ್ತಾರೆ. ವಾರಕ್ಕೊಂದು ದಿನ ಆಗೋದು ಎರಡು ವಾರ ಯಾಕಾಗಬಾರದು?

ತೊಡಕು ಇಲ್ಲ ಅಂತ ನಾನು ಹೇಳೋದಿಲ್ಲ. ತಾಲೂಕು ಊರಿನಿಂದ ಬರೋ ಮಾಸ್ತರರಿಗೆ ಏಳೂವರೆಗೆ ಮುಟ್ಟೋ ಬಸ್ಸು ಬೇಕು. ಬಿಸಿಯೂಟದ ತಾಯಂದಿರು ನಸುಕಿನಾಗ ಬಂದು ಒಲೆ ಹಚ್ಚಬೇಕು, ಅವರಿಗೂ ಮನೆ ಐತಿ, ಹೊಲ ಐತಿ. ಎಲ್ಲಕ್ಕಿಂತ ದೊಡ್ಡದು: ಮಧ್ಯಾಹ್ನ ಹನ್ನೆರಡೂವರೆ, ಒಂದಕ್ಕೆ ಸಾಲಿ ಬಿಟ್ಟರೆ ಹುಡುಗರು ನಡೆಯೋದು ಸುಡುಸುಡು ನೆತ್ತಿ ಬಿಸಿಲಾಗ. ಅದಕ್ಕಿಂತ ಒಳಗೆ ಕುಂತಿರೋದೇ ವಾಸಿ. ಅದಕ್ಕೆ ಬಿಡೋದಾದರೆ ಹನ್ನೊಂದೂವರೆಗೆ ಬಿಟ್ಟು, ಉಣಿಸಿ, ಹನ್ನೆರಡರೊಳಗೆ ಮನೆ ಮುಟ್ಟುವಂಗ ಇರಬೇಕು. ಊರೊಳಗಿನ ಸಾಲಿಗೆ ಇದು ಆಗುತ್ತದೆ. ನಮ್ಮ ಹುಡುಗಿ ಹೋಗೋ ಹೈಸ್ಕೂಲಿಗೆ ಮುಂಜಾನೆಯ ಬಸ್ಸು, ಮಧ್ಯಾಹ್ನದ ಬಸ್ಸು ಎರಡೂ ಹೊಂದಿಕೊಳ್ಳದೆ ಆಗೋದಿಲ್ಲ. ಎರಡಕ್ಕೂ ಒಂದೇ ಆದೇಶ ಅಂದರೆ ಮತ್ತೆ ಮಡಿಕೇರಿ-ಲಿಂಗಸುಗೂರು ಕಥೆಯೇ.

ಕರಾವಳಿ, ಕೊಡಗಿನೊಳಗೆ ಜೋರು ಮಳೆ ಬಂದರೆ ಜಿಲ್ಲಾಧಿಕಾರಿಗಳು ಹಿಂದಿನ ರಾತ್ರಿಯೇ ಮಳೆ ರಜೆ ಘೋಷಣೆ ಮಾಡ್ತಾರೆ. ಅಂದರೆ ಜಿಲ್ಲೆಗೆ ತಕ್ಕಂಗ ತೀರ್ಮಾನ ಮಾಡೋ ದಾರಿ ಐತಿ. ನಾವು ಕೇಳೋದು ರಜೆ ಅಲ್ಲ, ಬರೇ ಹೊತ್ತು. ಲೆಕ್ಕಕ್ಕೆ ಬೇಕಾದ ಅಂಕಿಯೂ ಐತಿ. ರಾಜ್ಯದಾಗ ಹೋಬಳಿ ಮಟ್ಟದಾಗ ಹವಾಮಾನ ಕೇಂದ್ರ ಅದಾವ, ಪಂಚಾಯಿತಿ ಮಟ್ಟದಾಗ ಮಳೆ ಮಾಪಕ ಅದಾವ. ವಿಮೆ ವಿಷಯ ಬಂದಾಗ ಆ ಮಾಪಕದ ಅಂಕಿಗೆ ನಾವು ಎಷ್ಟು ಜಗಳ ಆಡ್ತೀವಿ! ಅದೇ ಅಂಕಿ ನೋಡಿ "ಈ ಹೋಬಳಿಯಾಗ ಮಳೆ ಬಿದ್ದು ನೆಲ ತಂಪಾಗೂತನಕ ಮುಂಜಾನೆ ಸಾಲಿ" ಅಂತ ಹೇಳಿದರೆ ಆಯಿತು. ಶಿಕ್ಷಣ ಹಕ್ಕು ಕಾಯಿದೆಯ 9ನೇ ಕಲಮಿನೊಳಗೆ ಶೈಕ್ಷಣಿಕ ವೇಳಾಪಟ್ಟಿ ನಿರ್ಧಾರ ಮಾಡೋದು, ಗುಳೆ ಹೋದವರ ಮಕ್ಕಳನ್ನ ಸಾಲಿಗೆ ಸೇರಿಸಿಕೊಳ್ಳೋದು, ಎರಡನ್ನೂ ಸ್ಥಳೀಯ ಪ್ರಾಧಿಕಾರದ ಕರ್ತವ್ಯ ಅಂತ ಬರೆದಾರೆ. ಕೇಳಲಿಕ್ಕೆ ನಮಗೆ ಆಧಾರ ಐತಿ ಅಂತಾಯ್ತು.

ಆದೇಶ ಬರೂತನಕ ಕೈ ಕಟ್ಟಿ ಕೂಡೋದು ಒಕ್ಕಲಿಗನ ಗುಣ ಅಲ್ಲ. ನಾವು ಆರು ಮಂದಿ ಪಾಲಕರು ನಮ್ಮೂರ ಸಾಲಿಗೆ ಹೋಗಿ ಹೆಡ್ ಮಾಸ್ತರರ ಜೊತೆ ಕುಂತು ಮಾತಾಡಿದೆವು. ಗಂಟೆ ಬದಲಿಸೋದು ನನ್ನ ಕೈಯಾಗಿಲ್ಲ, ಉಳಿದದ್ದು ಹೇಳ್ರಿ ಅಂದರು. ಒಳ್ಳೆಯ ಮನುಷ್ಯ. ಉಳಿದದ್ದು ಏನೇನು ಆಯಿತು ಅಂದರೆ:

ಭಾನುವಾರ ನಾಲ್ಕು ಜನ ಕೂಡಿ ಆರ್.ಸಿ.ಸಿ. ಕೋಣೆಗಳ ಮಾಳಿಗೆ ಗುಡಿಸಿ, ದಪ್ಪಗೆ ಎರಡು ಸಲ ಸುಣ್ಣ ಬಳಿದೆವು. ಬಿಳಿ ಮಾಳಿಗೆ ಬಿಸಿಲನ್ನ ಹೊಡೆದು ಕಳಿಸುತ್ತದೆ. ಸಂಜೆ ಸ್ಲ್ಯಾಬಿನ ಕೆಳಗೆ ನಿಂತರೆ ತಲೆಗೆ ಇಳಿಯೋ ಝಳ ಕಮ್ಮಿಯಾದದ್ದು ಗೊತ್ತಾಗುತ್ತದೆ. ತಗಡಿನ ಕೋಣೆಯ ಹುಡುಗರನ್ನ ಮಧ್ಯಾಹ್ನದ ಮ್ಯಾಲೆ ಪಡಸಾಲೆಗೆ ಕೂಡಿಸ್ತಾರೆ. ಪಡಸಾಲೆ ಮುಂದೆ ಮೆಣಸಿನಕಾಯಿ ಸಸಿ ಮಡಿಗೆ ಕಟ್ಟೋ ಹಸಿರು ನೆರಳು ಪರದೆ ಕಟ್ಟಿದೆವು. ಸಸಿ ಬೀಜ ಹಾಕಲಿಕ್ಕೆ ಇನ್ನೂ ದಿನ ಐತಿ, ಅಲ್ಲೀತನಕ ಆ ಪರದೆ ಮನೆಯ ಮೂಲೆಯಾಗ ಇಲಿ ಕಡಿಯೋದೊಂದೇ ಬಾಕಿ ಇತ್ತು. ಒಂದು ಗೇಣು ಸಸಿಗೆ ನೆರಳು ಕಟ್ಟೋ ನಮಗೆ ಹುಡುಗರಿಗೆ ಕಟ್ಟೋದು ಹೊರೆ ಅಲ್ಲ.

ನಾಲ್ಕು ಮಣ್ಣಿನ ಹರಿವಿ ತಂದು, ಒದ್ದೆ ಉಸುಕಿನ ಮ್ಯಾಲೆ ಕೂಡಿಸಿ, ಗೋಣಿ ತಟ್ಟು ಸುತ್ತಿದೆವು. ಬೋರಿನ ನೀರು ತುಂಬೋದು ಸರದಿ ಮ್ಯಾಲೆ, ದಿನಕ್ಕೊಂದು ಮನೆ. ಪಾಯಿಖಾನೆಗೆ ಒಂದು ಬ್ಯಾರಲ್ ನೀರು ಬೇರೆ, ಅದನ್ನ ಮರೆಯೋ ಹಂಗಿಲ್ಲ ಅಂತ ಹೆಣ್ಣುಮಕ್ಕಳೇ ಗಟ್ಟಿಯಾಗಿ ಹೇಳಿದರು. ನೀರಿನ ಗಂಟೆ ಅಂತ ಒಂದು ಪದ್ಧತಿ ಐತಿ, ಕೇರಳದ ಸಾಲಿಗಳಲ್ಲಿ ನಡೆದು 2019ರಲ್ಲಿ ನಮ್ಮ ರಾಜ್ಯದಾಗಲೂ ಅದರ ಮಾತು ಬಂದಿತ್ತು. ಗಂಟೆ ಹೊಡೆದಾಗ ಎಲ್ಲಾ ಹುಡುಗರೂ ನೀರು ಕುಡಿಯಲೇಬೇಕು. ನಮ್ಮಲ್ಲಿ ಈಗ ದಿನಕ್ಕೆ ಮೂರು ಸಲ ಹೊಡೀತಾರೆ. ಪ್ರಾರ್ಥನೆ ಬೇವಿನ ಮರದ ಕೆಳಗೆ, ಆಟದ ಪಿರಿಯಡ್ಡು ಮೊದಲನೇದು. ಹೈಸ್ಕೂಲಿನ ಹುಡುಗಿಯರ ಸಲುವಾಗಿ ಆ ಊರಿನ ಪಾಲಕರ ಜೊತೆ ಮಾತು ನಡೆದೈತಿ. ಅಲ್ಲೀತನಕ ಸಂಜೆ ಐದೂವರೆ ಬಸ್ಸು ಬರೂತನಕ ಸಾಲಿಯ ಪಡಸಾಲೆಯಾಗೇ ಕುಂತಿರಲಿಕ್ಕೆ ಒಪ್ಪಿಗೆ ಸಿಕ್ಕಿತು. ನಮ್ಮ ಹುಡುಗಿ ಎರಡು ದಿನ ಸುಧಾರಿಸಿಕೊಂಡು ಎರಡು ಬಾಟ್ಲಿ ನೀರು ಹೊತ್ತು ಹೊರಟಳು. ನಮ್ಮವ್ವ ಒಂದು ಚೊಂಬು ಮಜ್ಜಿಗೆ ಕುಡಿಸದೆ ಹೊಸ್ತಿಲು ದಾಟಿಸೋದಿಲ್ಲ. ಹತ್ತಿ ಕಟ್ಟಿಗೆ ನಾನೇ ಆರಿಸ್ತಾ ಇದ್ದೀನಿ.

ನಿಮ್ಮ ಊರಾಗಲೂ ಈ ವಾರ ಆಗುವಂಥವು ಕೆಲವು ಹೇಳ್ತೀನಿ.

ಒಂದು, ನೀರು. ಹುಡುಗರ ಕೈಗೆ ತುಂಬಿದ ಬಾಟ್ಲಿ, ಸಾಲಿಯಾಗ ಹರಿವಿ, ಪಾಯಿಖಾನೆಗೆ ನೀರು. ಮೂರರಾಗ ಒಂದು ತಪ್ಪಿದರೂ ಉಳಿದ ಎರಡು ದಂಡ.

ಎರಡು, ಬಿಸಿಲು ಬಡಿದ ಗುರುತು ಮನೆಮಂದಿಗೆಲ್ಲ ಗೊತ್ತಿರಲಿ. ತಲೆನೋವು, ತಲೆಸುತ್ತು, ವಾಂತಿ, ಕೈಕಾಲು ಸೆಳೆತ ಅಂದರೆ ನೆರಳು, ಒದ್ದೆ ಬಟ್ಟೆ, ಗಾಳಿ, ಗುಟುಕು ಗುಟುಕಾಗಿ ನೀರು. ಒಂದು ಲೀಟರ್ ಕಾಸಿ ಆರಿಸಿದ ನೀರಿಗೆ ಆರು ಸಣ್ಣ ಚಮಚ ಸಕ್ಕರೆ, ಅರ್ಧ ಸಣ್ಣ ಚಮಚ ಉಪ್ಪು, ಚಮಚ ಮಟ್ಟವಾಗಿರಲಿ. ಮೈ ಕೆಂಡದಂಗ ಸುಟ್ಟು, ಮಾತು ತೊದಲಿದರೆ, ಪ್ರಜ್ಞೆ ತಪ್ಪಿದರೆ ಬಾಯಿಗೆ ನೀರು ಹಾಕಬೇಡ್ರಿ, ಮೈ ಮ್ಯಾಲೆ ತಣ್ಣೀರು ಹಾಕುತ್ತಲೇ 108ಕ್ಕೆ ಫೋನ್ ಮಾಡ್ರಿ. ಅದು ಮನೆಮದ್ದಿನ ಹೊತ್ತಲ್ಲ.

ಮೂರು, ಮುಂದಿನ ಗ್ರಾಮಸಭೆಯಾಗ ಮುಂಜಾನೆ ಸಾಲಿ ಬೇಡಿಕೆಯನ್ನ ಬರೆಸಿ, ಠರಾವು ಪುಸ್ತಕದಾಗ ಏರಿಸ್ರಿ. ಬಾಯಿಮಾತು ಗಾಳಿಗೆ ಹೋಗ್ತೈತಿ. ಈ ಸಲ ಆಗದಿದ್ದರೂ ಬರೋ ಏಪ್ರಿಲ್ಲಿಗೆ ಕಾಗದ ಕೈಯಾಗ ಇರುತ್ತದೆ. ಅರ್ಜಿಯ ಕರಡು ನಾನು ಬರೆದಿಟ್ಟೀನಿ, ಬೇಕಾದೋರಿಗೆ ಕಳಿಸ್ತೀನಿ.

ನಾಲ್ಕು, ಇದು ನಮಗೇ. ಮಳೆ ಬಿದ್ದ ದಿನ ಹತ್ತಿ ಬೀಜ ಊರಲಿಕ್ಕೆ ಸಣ್ಣ ಕೈ ಚುರುಕು ಅಂತ ಹುಡುಗರನ್ನ ಕರೆಯೋ ರೂಢಿ ನಮ್ಮಲ್ಲಿ ಐತಿ. ಕೂಲಿ ಸಿಗೋದಿಲ್ಲ ಅನ್ನೋದೂ ಖರೇ. ಅದಕ್ಕೆ ಮುಯ್ಯಾಳು ಹಾಕಿಕೊಳ್ಳೋಣ, ಇವತ್ತು ನಿಮ್ಮ ಹೊಲ, ನಾಳೆ ನಮ್ಮದು. ಬಿತ್ತಿಗೆ ಎರಡು ದಿನ ತಡವಾದರೆ ಮುಂದಿನ ಮಳೆಗೆ ಸರಿ ಮಾಡಿಕೊಳ್ಳಬಹುದು. ತಪ್ಪಿದ ಸಾಲಿಗೆ ಅಂಥ ಹಿಂಗಾರಿ ಇಲ್ಲ.

ಮೃಗಶಿರ ಕೂಡೋದು ಜೂನ್ 8ರ ಸುಮಾರಿಗೆ. ಮೊದಲ ಹದ ಬಿದ್ದ ಕೂಡಲೇ ಓಡಬೇಡ್ರಿ, ಎರಿ ನೆಲದಾಗ ಹಸಿ ಗೇಣುದ್ದ ಇಳಿದೈತೇನು ನೋಡಿಕೊಂಡು ಹೆಸರು ಬಿತ್ರಿ. ನಿಮ್ಮ ನಿಮ್ಮ ಊರಾಗ ಎಷ್ಟು ಮಳೆ ಆಯಿತು, ಸಾಲಿಯಾಗ ಎಷ್ಟು ಹುಡುಗರು ಬಂದರು, ಎರಡೂ ತಿಳಸ್ರಿ. ಕಾರ ಹುಣ್ಣಿಮೆಗೆ ಎತ್ತಿನ ಮೈ ತೊಳೆಯೋ ಹೊತ್ತಿಗೆ ಒಳ್ಳೆ ಸುದ್ದಿ ಬರೆಯುವಂಗ ಆಗಲಿ.